ಅಪ್ಪ ಒಂದು ಕಡೆ, ಕಾಲೇಜು ಒಂದು ಕಡೆ: ಬೆನ್ನಿಂಗ್ಟನ್ ಹುಡುಗಿಯರ ಪ್ರಕರಣ

1936ರಲ್ಲಿ ಅಮೆರಿಕದ ಅಧ್ಯಕ್ಷರ ಚುನಾವಣೆ ನಡೆಯಿತು. ಆಗ ವರ್ಮಾಂಟ್ ರಾಜ್ಯದ ಒಂದು ಚಿಕ್ಕ ಹೆಣ್ಣುಮಕ್ಕಳ ಕಾಲೇಜಿನಲ್ಲಿ ಒಬ್ಬ ಮೇಷ್ಟ್ರು ತಮ್ಮ ವಿದ್ಯಾರ್ಥಿನಿಯರನ್ನು ಎರಡು ಸಂಗತಿ ಕೇಳಿದರು. ನೀವು ಯಾರ ಕಡೆ? ನಿಮ್ಮ ಅಪ್ಪ-ಅಮ್ಮ ಯಾರ ಕಡೆ?

ಮೊದಲ ವರ್ಷದ ಹುಡುಗಿಯರಲ್ಲಿ ನೂರಕ್ಕೆ 62 ಮಂದಿ ರಿಪಬ್ಲಿಕನ್ ಪಕ್ಷದ ಆಲ್ಫ್ರೆಡ್ ಲ್ಯಾಂಡನ್ ಕಡೆಗಿದ್ದರು. ಅವರ ಅಪ್ಪ-ಅಮ್ಮಂದಿರಲ್ಲಿ 66. ಮನೆಯ ಮಾತು ಮಕ್ಕಳ ಬಾಯಲ್ಲಿ ಇನ್ನೂ ಹಾಗೇ ಇತ್ತು. ಎರಡನೇ ವರ್ಷಕ್ಕೆ ಬನ್ನಿ. ಹೆತ್ತವರು 69, ಹುಡುಗಿಯರು 43. ಕೊನೆಯ ಎರಡು ವರ್ಷದವರನ್ನು ನೋಡಿ. ಹೆತ್ತವರು 60, ಹುಡುಗಿಯರು ಬರೀ 15. ಅಷ್ಟೇ ಅಲ್ಲ, ಈ ದೊಡ್ಡ ತರಗತಿಯವರಲ್ಲಿ ನೂರಕ್ಕೆ 30 ಮಂದಿ ಆಗಿನ ಅಧ್ಯಕ್ಷರಾದ ಡೆಮಾಕ್ರಟಿಕ್ ಪಕ್ಷದ ರೂಸ್‌ವೆಲ್ಟ್ ಅವರನ್ನೂ ದಾಟಿ ಸೋಷಿಯಲಿಸ್ಟ್ ಅಥವಾ ಕಮ್ಯುನಿಸ್ಟ್ ಅಭ್ಯರ್ಥಿಗಳ ಕಡೆ ಹೋಗಿದ್ದರು. ಅವರ ಮನೆಗಳಲ್ಲಿ ಹಾಗೆ ಹೋದವರು ನೂರಕ್ಕೆ 4.

ಡಿಗ್ರಿ ಮಕ್ಕಳಿಗೆ ಮನಶ್ಶಾಸ್ತ್ರ ಪಾಠ ಮಾಡುವ ನಾನು ಪ್ರತಿ ವರ್ಷ ಈ ಅಂಕಿಗಳನ್ನು ಬೋರ್ಡ್ ಮೇಲೆ ಬರೆಯುತ್ತೇನೆ. ‘ಅಸ್ಮಿತೆ’ ಅಂತ ಪಠ್ಯಪುಸ್ತಕದಲ್ಲಿ ಒಂದು ಅಧ್ಯಾಯ ಇರುತ್ತದೆ. ಆ ಪದ ಹೇಳಿದರೆ ಹಿಂದಿನ ಬೆಂಚು ಆಕಳಿಸುತ್ತದೆ. ‘ಅಪ್ಪ ಒಬ್ಬರಿಗೆ ವೋಟ್ ಹಾಕಿದರು, ಮಗಳು ಇನ್ನೊಬ್ಬರ ಕಡೆ ನಿಂತಳು, ಯಾಕೆ?’ ಅಂದರೆ ಎದ್ದು ಕೂರುತ್ತದೆ. ಎರಡೂ ಒಂದೇ ಪ್ರಶ್ನೆ. ನಾನು ಯಾರು, ಯಾರ ಮಗಳು, ಯಾರ ಜೊತೆಯವಳು ಅನ್ನೋದೇ ಅದು.

ಬೆಟ್ಟದ ನಡುವಿನ ಕಾಲೇಜು

ಕಾಲೇಜಿನ ಹೆಸರು ಬೆನ್ನಿಂಗ್ಟನ್. ಬಾಗಿಲು ತೆರೆದದ್ದು 1932ರಲ್ಲಿ. ಅದು ಮಹಾ ಆರ್ಥಿಕ ಕುಸಿತದ ಕಾಲ. ಬ್ಯಾಂಕುಗಳು ಮುಚ್ಚುತ್ತಿದ್ದವು, ಕೆಲಸ ಹೋದವರು ಊಟಕ್ಕಾಗಿ ಬೀದಿಯಲ್ಲಿ ಸಾಲು ನಿಲ್ಲುತ್ತಿದ್ದರು. ಅಂಥ ಹೊತ್ತಿನಲ್ಲಿ 87 ಹುಡುಗಿಯರ ಮೊದಲ ತಂಡ ಪೆಟ್ಟಿಗೆ ಹಿಡಿದುಕೊಂಡು ಇಲ್ಲಿಗೆ ಬಂದು ಇಳಿಯಿತು.

ಫೀಸು ಕೇಳಬೇಡಿ. ಇಡೀ ದೇಶದಲ್ಲೇ ದುಬಾರಿ ಕಾಲೇಜುಗಳಲ್ಲಿ ಅದೂ ಒಂದು. ಹಾಗಾಗಿ ಬಂದವರಲ್ಲಿ ಹೆಚ್ಚಿನವರು ಉಳ್ಳವರ ಮನೆಯ ಮಕ್ಕಳು. ಕೆಲವರನ್ನು ಸಾಕಿ ಬೆಳೆಸಿದ್ದೇ ಮನೆಗೆ ಬಂದು ಇರುತ್ತಿದ್ದ ಶಿಕ್ಷಕಿಯರು. ಮನೆಯಲ್ಲಿ ತಲೆತಲಾಂತರದಿಂದ ರಿಪಬ್ಲಿಕನ್ ಪಕ್ಷ. ರೂಸ್‌ವೆಲ್ಟ್ ಹೆಸರೆತ್ತಿದರೆ ಊಟದ ಮೇಜಿನಲ್ಲಿ ಅಪ್ಪನ ಮುಖ ಕೆಂಪಾಗುತ್ತಿದ್ದ ಕಾಲ ಅದು. ಅವರ ನ್ಯೂ ಡೀಲ್ ಯೋಜನೆ ಬಡವರಿಗೆ ಕೆಲಸ, ಪಿಂಚಣಿ ಕೊಡೋಕೆ ಹೊರಟಿತ್ತು. ದುಡ್ಡಿದ್ದವರ ಕಣ್ಣಿಗೆ ಅದು ತಮ್ಮ ಜೇಬಿಗೇ ಕೈ ಹಾಕಿದ ಹಾಗೆ ಕಾಣುತ್ತಿತ್ತು.

ಪಾಠ ಮಾಡೋಕೆ ಬಂದವರು ಮಾತ್ರ ಬೇರೆ ತರಹದವರು. ಹೆಚ್ಚಿನವರು ಚಿಕ್ಕ ವಯಸ್ಸಿನವರು, ಉದಾರವಾದಿಗಳು. ಬೆಚ್ಚಗೆ ಬೆಳೆದ ಈ ಹುಡುಗಿಯರಿಗೆ ಹೊರಗಿನ ಪ್ರಪಂಚ ಏನಾಗಿದೆ ಅಂತ ತೋರಿಸೋದು ತಮ್ಮ ಕೆಲಸ ಅಂತ ನಂಬಿದ್ದವರು. ನಿರುದ್ಯೋಗ, ಕಾರ್ಮಿಕ ಸಂಘ, 1936ರಲ್ಲಿ ಶುರುವಾದ ಸ್ಪೇನಿನ ಅಂತರ್ಯುದ್ಧ, ಹೀಗೆ ಕ್ಲಾಸಿನಲ್ಲಿ ಶುರುವಾದ ಮಾತು ಊಟದ ಮನೆಯಲ್ಲೂ ಮುಂದುವರಿಯುತ್ತಿತ್ತು.

ಇನ್ನು ಜಾಗ. ಒಂದು ದೊಡ್ಡ ಕೃಷಿ ತೋಟದಲ್ಲಿ ಕಟ್ಟಿದ ಕ್ಯಾಂಪಸ್, ಸುತ್ತ ಬೆಟ್ಟ. ತೋಟದ ಹಳೆಯ ಕೊಟ್ಟಿಗೆಯನ್ನೇ ದುರಸ್ತಿ ಮಾಡಿ ಕ್ಲಾಸು ನಡೆಸುತ್ತಿದ್ದರು. ಹುಲ್ಲುಹಾಸಿನ ಎರಡೂ ಬದಿಗೆ ಬಿಳಿ ಬಣ್ಣದ ಮರದ ಮನೆಗಳು, ಹುಡುಗಿಯರ ವಾಸ ಅಲ್ಲೇ. ವಿದ್ಯಾರ್ಥಿನಿಯರು ಎಲ್ಲ ಸೇರಿ ಸುಮಾರು 250, ಮೇಷ್ಟ್ರುಗಳು ಸುಮಾರು 50. ಅಂದರೆ ಐದು ಹುಡುಗಿಯರಿಗೆ ಒಬ್ಬ ಮೇಷ್ಟ್ರು! ಎಲ್ಲರಿಗೂ ಎಲ್ಲರ ಪರಿಚಯ. ಕಡ್ಡಾಯ ಪಠ್ಯ ಅಂತ ಇರಲಿಲ್ಲ. ಒಬ್ಬ ಸಲಹೆಗಾರರ ಜೊತೆ ಕೂತು ತಾನು ಏನು ಓದಬೇಕು ಅಂತ ಹುಡುಗಿಯೇ ಗೊತ್ತು ಮಾಡಿಕೊಳ್ಳಬೇಕಿತ್ತು. ಎಪ್ಪತ್ತು ಮಂದಿಯ ಕ್ಲಾಸಿನಲ್ಲಿ ಹಾಜರಿ ಕರೆಯೋಕೇ ಹತ್ತು ನಿಮಿಷ ಕಳೆಯುವ ನನಗೆ ಇದನ್ನು ಓದಿದಾಗೆಲ್ಲ ಸ್ವಲ್ಪ ಹೊಟ್ಟೆಕಿಚ್ಚು.

ಆದರೆ ಇಷ್ಟು ಚಿಕ್ಕ, ಇಷ್ಟು ಒತ್ತಾದ ಊರಲ್ಲಿ ಬಚ್ಚಿಟ್ಟುಕೊಳ್ಳೋಕೆ ಜಾಗ ಇರಲ್ಲ. ಅದನ್ನೂ ನೆನಪಲ್ಲಿಟ್ಟುಕೊಳ್ಳಿ.

ಕೇಳಿದ ಮೇಷ್ಟ್ರು

ಪ್ರಶ್ನೆ ಕೇಳಿದವರು ಥಿಯೋಡರ್ ನ್ಯೂಕಂಬ್. 1903ರಲ್ಲಿ ಒಹಾಯೋದ ಒಂದು ಹಳ್ಳಿಯಲ್ಲಿ ಹುಟ್ಟಿದವರು, ಪಾದ್ರಿಯ ಮಗ. ಓಬರ್ಲಿನ್ ಕಾಲೇಜು ಮುಗಿಸಿ ನ್ಯೂಯಾರ್ಕಿನ ಯೂನಿಯನ್ ಥಿಯಾಲಾಜಿಕಲ್ ಸೆಮಿನರಿಗೆ ಸೇರಿದರು. ಧರ್ಮಶಾಸ್ತ್ರ ಓದುತ್ತಾ ಓದುತ್ತಾ ಮನಸ್ಸು ಮನಶ್ಶಾಸ್ತ್ರದ ಕಡೆ ತಿರುಗಿತು. ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ 1929ರಲ್ಲಿ ಡಾಕ್ಟರೇಟ್ ಮುಗಿಸಿದರು. ಅಪ್ಪನ ದಾರಿಯಲ್ಲಿ ಹೊರಟು ನಡುವೆ ಬೇರೆ ತಿರುವು ಹಿಡಿದವರು. ಅವರಿಗೇ ಈ ಪ್ರಶ್ನೆ ಹೊಳೆದದ್ದು ಬರೀ ಕಾಕತಾಳೀಯ ಅಂತ ನನಗೆ ಅನ್ನಿಸಲ್ಲ. ಇದು ನನ್ನ ಊಹೆ, ಅವರ ಮಾತಲ್ಲ.

1934ರಲ್ಲಿ ಬೆನ್ನಿಂಗ್ಟನ್‌ಗೆ ಬಂದರು. ಬಂದು ನೋಡಿದರೆ ಕಣ್ಣೆದುರೇ ಒಂದು ಸಂಗತಿ ನಡೆಯುತ್ತಿತ್ತು. ಸೆಪ್ಟೆಂಬರ್‌ನಲ್ಲಿ ಅಪ್ಪನ ಮಾತನ್ನೇ ಆಡುತ್ತಾ ಬಂದ ಹುಡುಗಿ ನಾಲ್ಕು ವರ್ಷ ಕಳೆಯುವ ಹೊತ್ತಿಗೆ ಅಪ್ಪನ ಎದುರು ನಿಂತಿರುತ್ತಿದ್ದಳು. 1935ರಿಂದ 1939ರವರೆಗೆ ಅವರು ಇದನ್ನು ವರ್ಷ ವರ್ಷ ಅಳೆದರು. ಅಳತೆಯ ಪಟ್ಟಿಯಲ್ಲಿ ನಿರುದ್ಯೋಗಿಗಳ ಬಗ್ಗೆ, ಕಾರ್ಮಿಕ ಸಂಘಗಳ ಬಗ್ಗೆ, ಬಡವರಿಗೆ ಸರ್ಕಾರದ ನೆರವಿನ ಬಗ್ಗೆ ಹೇಳಿಕೆಗಳಿದ್ದವು. ಒಪ್ಪುತ್ತೀರಾ, ಇಲ್ಲವಾ ಅಂತ ಗುರುತು ಹಾಕಬೇಕು. ಹತ್ತಿರದ ವಿಲಿಯಮ್ಸ್ ಮತ್ತು ಸ್ಕಿಡ್‌ಮೋರ್ ಕಾಲೇಜುಗಳಲ್ಲೂ ಹೋಲಿಕೆಗಾಗಿ ಅದನ್ನೇ ಕೊಟ್ಟರು. ಅಲ್ಲೂ ಮೊದಲ ವರ್ಷಕ್ಕೂ ಕೊನೆಯ ವರ್ಷಕ್ಕೂ ಸ್ವಲ್ಪ ವ್ಯತ್ಯಾಸ ಇತ್ತು. ಬೆನ್ನಿಂಗ್ಟನ್‌ನಲ್ಲಿ ಇದ್ದಷ್ಟು ಇರಲಿಲ್ಲ.

‘ಕಾಲೇಜಿಗೆ ಹೋದರೆ ಬುದ್ಧಿ ಬರುತ್ತೆ, ಅದಕ್ಕೇ ಬದಲಾದರು’ ಅನ್ನೋ ಸುಲಭದ ಉತ್ತರ ಇಲ್ಲಿಗೇ ನಿಂತುಹೋಗುತ್ತದೆ. ಆ ಎರಡೂ ಕಾಲೇಜಲ್ಲಿ ಬುದ್ಧಿ ಬರುತ್ತಿರಲಿಲ್ಲವಾ?

ಯಾರನ್ನು ಕಳಿಸೋಣ?

ಇಡೀ ಪ್ರಕರಣದಲ್ಲಿ ನನಗೆ ತುಂಬಾ ಹಿಡಿಸಿದ ಭಾಗ ಇದು. ನ್ಯೂಕಂಬ್ ಹುಡುಗಿಯರಿಗೆ ಒಂದು ಪ್ರಶ್ನೆ ಹಾಕಿದರು. ಬೇರೆ ಬೇರೆ ಕಾಲೇಜಿನವರು ಸೇರುವ ಒಂದು ಸಭೆ ಇದೆ ಅಂತ ಇಟ್ಟುಕೊಳ್ಳಿ. ನಮ್ಮ ಕಾಲೇಜಿನ ಪರವಾಗಿ ಹೋಗೋಕೆ ತಕ್ಕವರು ಯಾರು? ಐದು ಹೆಸರು ಬರೆಯಿರಿ.

ರಾಜಕೀಯದ ಮಾತೇ ಇಲ್ಲ ಆ ಪ್ರಶ್ನೆಯಲ್ಲಿ. ಆದರೂ ಹೆಚ್ಚು ಹೆಚ್ಚು ಚೀಟಿಗಳಲ್ಲಿ ಹೆಸರು ಬಂದವರು ಯಾರು ಅಂತ ಅಳತೆಯ ಪಟ್ಟಿ ಜೊತೆ ಇಟ್ಟು ನೋಡಿದರೆ ಅವರೇ ಅತಿ ಕಡಿಮೆ ಸಂಪ್ರದಾಯವಾದಿಗಳು. ಯಾರೂ ಹೆಸರಿಸದವರು ಮನೆಯ ಮಾತಿಗೇ ಅಂಟಿಕೊಂಡವರು.

ಅಂದರೆ ‘ನಮ್ಮ ಕಾಲೇಜಿನ ಹುಡುಗಿ’ ಅಂದರೆ ಹೇಗಿರಬೇಕು ಅನ್ನೋ ಒಂದು ಚಿತ್ರ ಎಲ್ಲರ ತಲೆಯಲ್ಲೂ ಇತ್ತು. ಯಾರೂ ಅದನ್ನು ಗೋಡೆಗೆ ಅಂಟಿಸಿರಲಿಲ್ಲ. ಹೊಸದಾಗಿ ಬಂದವಳು ಮೊದಲ ತಿಂಗಳಲ್ಲೇ ಅದನ್ನು ನೋಡುತ್ತಿದ್ದಳು. ಯಾರು ಮಾತಾಡಿದರೆ ಎಲ್ಲರೂ ಕೇಳಿಸಿಕೊಳ್ಳುತ್ತಾರೆ, ಯಾರ ಮಾತಿಗೆ ನಗು ಬರುತ್ತೆ, ಯಾರ ಪಕ್ಕ ಊಟಕ್ಕೆ ಕೂರೋಕೆ ಪೈಪೋಟಿ. ಹಾಸ್ಟೆಲ್ ಮೆಸ್ಸಿನಲ್ಲಿ ಒಂದು ವಾರ ಉಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾ?

ನನ್ನದೇ ಒಂದು ಮಾತು. ನಾನು ಹಾವೇರಿ ಕಡೆಯ ಹಳ್ಳಿಯಿಂದ ಓದೋಕೆ ಧಾರವಾಡಕ್ಕೆ ಬಂದವಳು. ಹಾಸ್ಟೆಲ್‌ನಲ್ಲಿ ನಮ್ಮ ಬ್ಲಾಕಿನ ಸೀನಿಯರ್ ಅಕ್ಕಂದಿರು ವರದಕ್ಷಿಣೆ ಬಗ್ಗೆ ಬಹಳ ಖಡಕ್ಕಾಗಿ ಮಾತಾಡುತ್ತಿದ್ದರು. ನಾಲ್ಕೇ ತಿಂಗಳಲ್ಲಿ ನಾನೂ ಹಾಗೇ ಮಾತಾಡೋಕೆ ಶುರು ಮಾಡಿದೆ. ದೀಪಾವಳಿಗೆ ಊರಿಗೆ ಹೋದಾಗ ಚಿಕ್ಕಪ್ಪನ ಮಗಳ ಮದುವೆಯ ಮಾತುಕತೆ ನಡೆದಿತ್ತು. ಕೊಡೋ ತಗೊಳ್ಳೋ ಲೆಕ್ಕ ಬಂತು. ನಾನು ಬಾಯಿ ಹಾಕಿದೆ. ಅಪ್ಪ ತಲೆ ಎತ್ತಿ ನೋಡಿ, ‘ನಾಲ್ಕ ತಿಂಗಳದಾಗ ಭಾಳ ಶಾಣ್ಯಾಕಿ ಆಗಿಯಲ್ಲವ್ವಾ’ ಅಂದರು. ಅಷ್ಟೇ. ನಾನು ತಲೆ ತಗ್ಗಿಸಿ ಹೋಳಿಗೆ ತಿಂದು ಎದ್ದೆ. ವಾಪಸ್ ಹಾಸ್ಟೆಲ್‌ಗೆ ಬಂದು ಅಕ್ಕಂದಿರ ಮುಂದೆ ಹೇಳಿದ್ದು ಬೇರೆ. ಅಪ್ಪನ ಜೊತೆ ಗಂಟೆಗಟ್ಟಲೆ ವಾದ ಮಾಡಿದೆ, ಕೊನೆಗೆ ಅವರೇ ಸುಮ್ಮನಾದರು ಅಂತ! ಆ ಸುಳ್ಳು ಯಾರಿಗಾಗಿ ಹೇಳಿದೆ ಅಂತ ನನಗೆ ಅರ್ಥವಾದದ್ದು ಎಷ್ಟೋ ವರ್ಷ ಆದಮೇಲೆ, ಬೆನ್ನಿಂಗ್ಟನ್ ಬಗ್ಗೆ ಓದುವಾಗ.

ನಂಬರುಗಳ ಹಿಂದಿನ ಹುಡುಗಿಯರು

ಅಂಕಿ ಹೇಳೋದು ಅರ್ಧ ಕತೆ. ನ್ಯೂಕಂಬ್ ಕೊನೆಯ ವರ್ಷದ ಹುಡುಗಿಯರಲ್ಲಿ ತುಂಬಾ ಬದಲಾದವರನ್ನೂ ಬದಲಾಗದವರನ್ನೂ ಆರಿಸಿ ಕೂರಿಸಿ ಮಾತಾಡಿಸಿದರು. ಬರೆಯುವಾಗ ಹೆಸರು ಹಾಕಲಿಲ್ಲ, ಬರೀ ನಂಬರು. ಆ ಮಾತುಗಳಲ್ಲಿ ಕೆಲವನ್ನು ನನ್ನ ಮಾತಲ್ಲಿ ಹೇಳುತ್ತೇನೆ.

ಒಬ್ಬಳು ನೇರವಾಗಿ ಒಪ್ಪಿಕೊಂಡಳು. ಇಲ್ಲಿಯವರು ತನ್ನನ್ನು ತಮ್ಮವಳು ಅಂದುಕೊಳ್ಳಲಿ ಅನ್ನೋ ಆಸೆ ಎಷ್ಟಿತ್ತೆಂದರೆ ಇಲ್ಲಿಯ ರಾಜಕೀಯದ ಬಣ್ಣವನ್ನೂ ಹಚ್ಚಿಕೊಂಡುಬಿಟ್ಟಳಂತೆ. ಗುಂಪಿನ ಎದುರು ಒಂಟಿಯಾಗಿ ನಿಲ್ಲೋಕೆ ಅವಳಿಂದ ಆಗುತ್ತಿರಲಿಲ್ಲ.

ಇನ್ನೊಬ್ಬಳ ಕತೆ ಸ್ವಲ್ಪ ಆಳ. ಹುಟ್ಟಿದಾಗಿನಿಂದ ಅಪ್ಪ-ಅಮ್ಮ, ಮನೆಯ ಶಿಕ್ಷಕಿಯರ ಕಾವಲಲ್ಲಿ ಬೆಳೆದು ಬೇಸತ್ತಿದ್ದಳು. ಕಾಲೇಜಿಗೆ ಬಂದು ಅದರಿಂದ ಬಿಡಿಸಿಕೊಂಡಳು. ಬಿಡಿಸಿಕೊಂಡಳು ಅಂದುಕೊಂಡಳು, ಅಷ್ಟೇ. ಆಮೇಲೆ ತಾನೇ ತಿದ್ದಿಕೊಂಡು ಹೇಳಿದಳು: ಆ ಕಾವಲಿನ ಜಾಗಕ್ಕೆ ಮೇಷ್ಟ್ರುಗಳ, ದೊಡ್ಡ ತರಗತಿಯವರ ಮೆಚ್ಚುಗೆ ಬಂದು ಕೂತಿತು. ಅವರ ಮೆಚ್ಚುಗೆ ಬೇಕೆಂದರೆ ಹಳೇ ಮಾತು ಹಿಡಿದುಕೊಂಡು ಇರೋಕೆ ಆಗಲ್ಲ ಅಂತ ಗೊತ್ತಾಯಿತು. ಇಪ್ಪತ್ತೊಂದು ಇಪ್ಪತ್ತೆರಡರ ವಯಸ್ಸಲ್ಲಿ ತನ್ನ ಬಗ್ಗೆ ಇಷ್ಟು ಖಚಿತವಾಗಿ ಮಾತಾಡೋಕೆ ಎಷ್ಟು ಜನಕ್ಕೆ ಆಗುತ್ತೆ ಹೇಳಿ?

ಮೂರನೆಯವಳು ಮೊದಮೊದಲು ಉದಾರವಾದಿ ಆದದ್ದು ಅದಕ್ಕೆ ಕಾಲೇಜಲ್ಲಿ ಬೆಲೆ ಇತ್ತು ಅಂತ. ಉಳಿದದ್ದು ಮಾತ್ರ ಆ ಸಮಸ್ಯೆಗಳು ನಿಜವಾಗಿಯೂ ದೊಡ್ಡವು ಅಂತ ಅನ್ನಿಸಿದ್ದಕ್ಕೆ. ಈಗ ಅವಳಿಗೆ ಬೇಕಾದದ್ದು ಆ ಸಮಸ್ಯೆಗಳಿಗೆ ಏನಾದರೂ ಮಾಡೋದು. ಈ ಹುಡುಗಿಯ ಮಾತನ್ನು ಕ್ಲಾಸಿನಲ್ಲಿ ಎರಡು ಸಲ ಓದುತ್ತೇನೆ. ತೋರಿಕೆಗೆ ಅಂತ ಶುರುವಾದದ್ದೆಲ್ಲ ತೋರಿಕೆಯಾಗಿಯೇ ಉಳಿಯಬೇಕು ಅಂತೇನಿಲ್ಲ. ನಮ್ಮಲ್ಲಿ ‘ವೇಷ ಹಾಕಿದವನೆಲ್ಲ ರಾಜ ಆಗಲ್ಲ’ ಅಂತ ಬೈಯುತ್ತೇವೆ. ನಿಜವೇ. ಆದರೆ ದಿನಾ ವೇಷ ಹಾಕಿ ಕುಣಿದರೆ ಹೆಜ್ಜೆ ಕಾಲಿಗೆ ಹತ್ತಿಬಿಡುತ್ತದೆ.

ಇನ್ನು ಬದಲಾಗದವರು. ಒಬ್ಬಳು ತನ್ನ ನಾಲ್ಕು ವರ್ಷವನ್ನು ಮನೆಗೂ ಮೇಷ್ಟ್ರುಗಳಿಗೂ ನಡುವಿನ ಜಗ್ಗಾಟ ಅಂತಲೇ ಹೇಳಿದಳು. ಮನೆಯವರಿಗೆ ಎದುರು ನಿಲ್ಲೋಕೆ ಹೋದಾಗಲೆಲ್ಲ ತನ್ನದೇ ತಪ್ಪು ಅನ್ನಿಸುತ್ತಿತ್ತಂತೆ. ಹಾಗಾಗಿ ಅವರ ಮಾತಿಗೇ ಉಳಿದುಕೊಂಡಳು. ಇನ್ನೊಬ್ಬಳಿಗೆ ಕಾಲೇಜಿನ ಮುಂದಾಳುಗಳ ಹಾಗೆ ಯೋಚಿಸಬೇಕು ಅಂತ ಆಸೆ ಇತ್ತು, ಧೈರ್ಯ ಸಾಲಲಿಲ್ಲ, ತಿಳುವಳಿಕೆಯೂ ಸಾಲದು ಅನ್ನಿಸಿತು. ಮಿಕ್ಕವರಿಗಿಂತ ತಾನು ಎಷ್ಟು ಸಂಪ್ರದಾಯವಾದಿ ಅನ್ನೋದೂ ಅವಳಿಗೆ ಗೊತ್ತೇ ಇರಲಿಲ್ಲ.

ಕೊನೆಯವಳು ನನ್ನನ್ನು ಬಿಡದೇ ಕಾಡಿದವಳು. ಆ ಗಟ್ಟಿ ಗಂಟಲಿನ ಉದಾರವಾದಿಗಳಿಗೆಲ್ಲ ಎದುರು ಮಾತಾಡಬೇಕು ಅಂತ ಅವಳಿಗೆ ಇತ್ತು. ಹೆದರಿಕೆ. ಬಾಯಿ ಬರಲಿಲ್ಲ. ಆಗ ಒಳಗೇ ಒಂದು ಗೋಡೆ ಕಟ್ಟಿಕೊಂಡಳು, ಅವರ ಮಾತು ಒಳಗೆ ಬರದ ಹಾಗೆ. ಪೈಪೋಟಿಗೆ ಇಳಿಯೋಕೆ ಆಗಲ್ಲ ಅಂತ ತಿಳಿದಮೇಲೆ ಅಪ್ಪನ ವಿಚಾರಗಳನ್ನೇ ಹಿಡಿದುಕೊಳ್ಳೋದು ಅಂತ ತೀರ್ಮಾನಿಸಿದಳು. ಎರಡು ವರ್ಷ ಕಾಲೇಜಿನ ಯಾವ ಗಾಳಿಯೂ ತನಗೆ ತಾಗಿಲ್ಲ ಅಂದಳು.

ನೋಡಿ, ಈ ಹುಡುಗಿಯನ್ನು ಅಳತೆಯ ಪಟ್ಟಿಯಲ್ಲಿ ನೋಡಿದರೆ ‘ಬದಲಾವಣೆ ಇಲ್ಲ’. ಮನೆಯಿಂದ ತಂದದ್ದನ್ನೇ ವಾಪಸ್ ತಗೊಂಡು ಹೋದಳು. ಆದರೆ ಬಂದಾಗ ಅದು ಅಪ್ಪನ ಮನೆಯ ಗಾಳಿ, ಸುಮ್ನೆ ಉಸಿರಾಡಿದ್ದು. ಹೋಗುವಾಗ ಅದು ಕಲ್ಲು ಕಲ್ಲು ಹೊತ್ತು ಕಟ್ಟಿದ ಗೋಡೆ. ಎರಡೂ ಒಂದೇನಾ?

ಪುಸ್ತಕದ ಹೆಸರುಗಳು

ಮನಶ್ಶಾಸ್ತ್ರಜ್ಞ ಎರಿಕ್ ಎರಿಕ್‌ಸನ್ ಅವರ ಹೆಸರು ಇಲ್ಲಿ ಹೇಳಲೇಬೇಕು. ‘ಐಡೆಂಟಿಟಿ ಕ್ರೈಸಿಸ್’ ಅನ್ನೋ ಮಾತನ್ನು ಚಲಾವಣೆಗೆ ತಂದವರು ಅವರು. ಹರೆಯದಲ್ಲಿ ‘ನಾನು ಯಾರು’ ಅನ್ನೋ ಪ್ರಶ್ನೆ ದೊಡ್ಡದಾಗುತ್ತದೆ, ಸಮಾಜ ಆ ವಯಸ್ಸಿನವರಿಗೆ ಒಂದಿಷ್ಟು ಬಿಡುವು ಕೊಡುತ್ತದೆ ಅಂದರು. ಕಾಲೇಜು ಅಂಥ ಬಿಡುವು. ಇನ್ನೊಬ್ಬ ಮನಶ್ಶಾಸ್ತ್ರಜ್ಞ ಜೇಮ್ಸ್ ಮಾರ್ಸಿಯಾ 1966ರಲ್ಲಿ ಕಾಲೇಜು ಹುಡುಗರನ್ನು ಮಾತಾಡಿಸಿ ನಾಲ್ಕು ಸ್ಥಿತಿ ಗುರುತಿಸಿದರು. ಹುಡುಕದೆಯೇ ಮನೆಯವರು ಕೊಟ್ಟದ್ದನ್ನು ಒಪ್ಪಿಕೊಂಡವರು, ಇನ್ನೂ ಹುಡುಕುತ್ತಿರುವವರು, ಹುಡುಕಿ ಒಂದಕ್ಕೆ ನಿಂತವರು, ಹುಡುಕಾಟವೂ ಇಲ್ಲ ನಿಲುವೂ ಇಲ್ಲ ಅನ್ನುವವರು.

ಪರೀಕ್ಷೆಗೆ ಇದು ಬಹಳ ಅನುಕೂಲ, ಎಂಟು ಅಂಕಕ್ಕೆ ಬರೆಯಬಹುದು. ಬೆನ್ನಿಂಗ್ಟನ್ ಹುಡುಗಿಯರನ್ನು ಈ ನಾಲ್ಕು ಡಬ್ಬಿಗೆ ಹಾಕೋಕೆ ಹೋದರೆ ಮಾತ್ರ ಕೈ ನಿಲ್ಲುತ್ತದೆ. ಮನೆಯ ಮಾತಿಗೆ ಉಳಿದವರೆಲ್ಲ ಹುಡುಕದವರು ಅಂತ ಮೊದಲು ಅನ್ನಿಸುತ್ತದೆ. ಗೋಡೆ ಕಟ್ಟಿದವಳನ್ನು ಎಲ್ಲಿ ಹಾಕುತ್ತೀರಿ? ಬದಲಾದವರೆಲ್ಲ ಹುಡುಕಿದವರು ಅಂತಲೂ ಅನ್ನಿಸುತ್ತದೆ. ಗುಂಪಿನ ಬಣ್ಣ ಹಚ್ಚಿಕೊಂಡೆ ಅಂದವಳು? ಅವಳು ಅಪ್ಪನ ಕೋಟು ಬಿಚ್ಚಿ ಕಾಲೇಜಿನ ಕೋಟು ಹಾಕಿಕೊಂಡಳು. ಹುಡುಕಾಟ ಎಲ್ಲಿ ಬಂತು? ನನ್ನ ಲೆಕ್ಕದಲ್ಲಿ ಬದಲಾದಳಾ ಇಲ್ಲವಾ ಅನ್ನೋದು ಎರಡನೇ ಮಾತು. ಯಾರ ಕಣ್ಣಲ್ಲಿ ತಾನು ಚೆನ್ನಾಗಿ ಕಾಣಬೇಕು ಅಂತಿದೆ, ಆ ಕಣ್ಣು ತನ್ನ ಮೇಲಿದೆ ಅಂತ ಅವಳಿಗೆ ಗೊತ್ತಿದೆಯಾ? ಅದು ಮೊದಲ ಮಾತು.

ನ್ಯೂಕಂಬ್ ಮುಟ್ಟಿದ್ದೂ ಹೆಚ್ಚುಕಡಿಮೆ ಇಲ್ಲಿಗೇ. ಒಂದೇ ಕ್ಯಾಂಪಸ್‌ನಲ್ಲಿ ಇದ್ದ ಮಾತ್ರಕ್ಕೆ ಎಲ್ಲರಿಗೂ ಅದೇ ಗುಂಪು ಅಳತೆಗೋಲು ಆಗಲ್ಲ ಅಂದರು. ಒಬ್ಬಳು ತನ್ನನ್ನು ಕಾಲೇಜಿನ ಕಣ್ಣಲ್ಲಿ ಅಳೆದುಕೊಳ್ಳುತ್ತಾಳೆ, ಇನ್ನೊಬ್ಬಳು ಅದೇ ಮೆಸ್ಸಿನಲ್ಲಿ ಉಂಡು ಮನೆಯ ಕಣ್ಣಲ್ಲಿ ಅಳೆದುಕೊಳ್ಳುತ್ತಾಳೆ. ಹೀಗೆ ಅಳತೆಗೋಲಾಗುವ ಗುಂಪಿಗೆ ಸಮಾಜಶಾಸ್ತ್ರದಲ್ಲಿ ರೆಫರೆನ್ಸ್ ಗ್ರೂಪ್ ಅಂತ ಹೆಸರು. ‘ನಾಲ್ಕು ಜನ ಏನಂತಾರೆ’ ಅಂತ ನಮ್ಮ ಅಮ್ಮಂದಿರು ಹೇಳುತ್ತಾರಲ್ಲ, ಆ ನಾಲ್ಕು ಜನ ಯಾರು ಅಂತ ಹುಡುಕೋದೇ ಈ ಕೆಲಸ. ಊರಲ್ಲಿದ್ದಾಗ ಆ ನಾಲ್ಕು ಜನ ಕಟ್ಟೆ ಮೇಲೆ ಕೂತವರು. ಹಾಸ್ಟೆಲ್‌ಗೆ ಬಂದಮೇಲೆ?

ಗಾಳಿ ಎಲ್ಲ ಕಡೆ ಬೀಸುತ್ತಿತ್ತಲ್ವಾ?

ಒಂದೆರಡು ತಕರಾರು ಎತ್ತಲೇಬೇಕು. ಇದು ಒಂದೇ ಕಾಲೇಜು, ಒಂದೇ ವರ್ಗದ, ಬಹುತೇಕ ಒಂದೇ ತರಹದ ಮನೆಗಳ ಹುಡುಗಿಯರು. ಹಾಗೆ ನೋಡಿದರೆ ಅದರಿಂದಲೇ ಚಿತ್ರ ಇಷ್ಟು ಸ್ಪಷ್ಟವಾಗಿ ಬಂತು. ನಮ್ಮ ಯಾವುದೇ ವಿಶ್ವವಿದ್ಯಾಲಯದಲ್ಲಿ ಹತ್ತು ಜಿಲ್ಲೆ, ಇಪ್ಪತ್ತು ಜಾತಿ, ಮೂರು ಭಾಷೆ ಒಟ್ಟಿಗೇ ಬಂದು ಸೇರುತ್ತವೆ. ಇಲ್ಲಿ ‘ಕಾಲೇಜಿನ ನಿಲುವು’ ಅಂತ ಒಂದೇ ಇರಲ್ಲ. ಒಂದೇ ಹಾಸ್ಟೆಲ್‌ನ ಎರಡು ಮಹಡಿಗೆ ಎರಡು ನಿಲುವು.

ಇನ್ನೊಂದು, ಆಗ ಇಡೀ ದೇಶವೇ ರೂಸ್‌ವೆಲ್ಟ್ ಕಡೆ ವಾಲಿತ್ತು. 1936ರಲ್ಲಿ ಅವರು 48 ರಾಜ್ಯಗಳಲ್ಲಿ 46 ಗೆದ್ದರು. ಹಾಗಿದ್ದರೆ ಹುಡುಗಿಯರು ದೇಶದ ಗಾಳಿಗೆ ವಾಲಿದರು, ಕಾಲೇಜಿನ ಪಾಲೇನು? ಒಳ್ಳೇ ಪ್ರಶ್ನೆ. ಆದರೆ ಲ್ಯಾಂಡನ್ ಗೆದ್ದ ಆ ಎರಡೇ ಎರಡು ರಾಜ್ಯಗಳು ಯಾವುವು ಗೊತ್ತಾ? ಮೇನ್ ಮತ್ತು ವರ್ಮಾಂಟ್. ಬೆನ್ನಿಂಗ್ಟನ್ ಇದ್ದದ್ದು ಅದೇ ವರ್ಮಾಂಟ್‌ನಲ್ಲಿ! ಮನೆಯವರು ಲ್ಯಾಂಡನ್, ಕ್ಯಾಂಪಸ್ ಬೇಲಿಯ ಆಚೆ ಲ್ಯಾಂಡನ್. ಒಳಗಿನ ದೊಡ್ಡ ತರಗತಿಯಲ್ಲಿ ಮಾತ್ರ 15.

ಅದೇ ವರ್ಷದ ಇನ್ನೊಂದು ತಮಾಷೆ. ‘ಲಿಟರರಿ ಡೈಜೆಸ್ಟ್’ ಅನ್ನೋ ಪತ್ರಿಕೆ ಸುಮಾರು ಒಂದು ಕೋಟಿ ಜನಕ್ಕೆ ಅಂಚೆಯಲ್ಲಿ ಮತಪತ್ರ ಕಳಿಸಿ ಲ್ಯಾಂಡನ್ ಗೆಲ್ಲುತ್ತಾರೆ ಅಂತ ಸಾರಿತ್ತು. ಟೆಲಿಫೋನು, ಕಾರು ಇದ್ದವರ ಪಟ್ಟಿಗಳಿಂದ ವಿಳಾಸ ತೆಗೆದದ್ದು ಆ ಪತ್ರಿಕೆ ಎಡವಿದ್ದಕ್ಕೆ ಒಂದು ಕಾರಣ. ಟೆಲಿಫೋನು, ಕಾರು ಯಾರ ಮನೆಯಲ್ಲಿ ಇದ್ದವು? ಬೆನ್ನಿಂಗ್ಟನ್ ಹುಡುಗಿಯರ ಅಪ್ಪಂದಿರ ಮನೆಯಲ್ಲಿ.

ಮೂರನೇ ತಕರಾರು ನನಗೆ ಗಟ್ಟಿ ಅನ್ನಿಸುತ್ತದೆ. ಅಳೆದವರು ಅದೇ ಕಾಲೇಜಿನ ಮೇಷ್ಟ್ರು. ಪಾಠ ಮಾಡುವ ಮೇಷ್ಟ್ರು ಕೊಟ್ಟ ಹಾಳೆಯಲ್ಲಿ ಹುಡುಗಿ ಪೂರ್ತಿ ಮನಸ್ಸು ಬಿಚ್ಚುತ್ತಾಳಾ, ಇಲ್ಲ ಅವರಿಗೆ ಮೆಚ್ಚುಗೆಯಾಗೋದನ್ನು ಗುರುತು ಹಾಕುತ್ತಾಳಾ? ಆ ಹಾಳೆಯಷ್ಟನ್ನೇ ನೋಡಿದರೆ ಈ ಅನುಮಾನ ಹೋಗುತ್ತಿರಲಿಲ್ಲ. ಕೊನೆಗೆ ಅದಕ್ಕೆ ಉತ್ತರ ಕೊಟ್ಟದ್ದು ಕಾಲ.

ಇಪ್ಪತ್ತೈದು ವರ್ಷ, ಐವತ್ತು ವರ್ಷ

ಕಾಲೇಜು ಮುಗಿಯಿತು. ಹುಡುಗಿಯರು ವಾಪಸ್ ಹೋದದ್ದು ಅದೇ ಉಳ್ಳವರ ಊರುಗಳಿಗೆ. ಮದುವೆ, ಮಕ್ಕಳು, ಮಹಾಯುದ್ಧ. ಹಾಸ್ಟೆಲ್ ಬಣ್ಣ ಆಗಿದ್ದರೆ ಒಂದು ಮಳೆಗೆ ತೊಳೆದು ಹೋಗಬೇಕಿತ್ತು.

ನ್ಯೂಕಂಬ್ ಅಷ್ಟೊತ್ತಿಗೆ ಮಿಷಿಗನ್ ವಿಶ್ವವಿದ್ಯಾಲಯಕ್ಕೆ ಹೋಗಿದ್ದರು. 1960ರ ಹೊತ್ತಿಗೆ ಆ ಹಳೆಯ ವಿದ್ಯಾರ್ಥಿನಿಯರನ್ನು ಮತ್ತೆ ಹುಡುಕಿ ಹೊರಟರು. ಆಗ ಡೆಮಾಕ್ರಟಿಕ್ ಪಕ್ಷದ ಕೆನಡಿ ಮತ್ತು ರಿಪಬ್ಲಿಕನ್ ಪಕ್ಷದ ನಿಕ್ಸನ್ ನಡುವೆ ಚುನಾವಣೆ. ಅವರಂಥದೇ ಮನೆತನದ, ಅವರಷ್ಟೇ ಓದಿದ, ದುಡ್ಡಿದ್ದ ಬೇರೆ ಹೆಂಗಸರು ನಿಕ್ಸನ್ ಕಡೆ ಇರುವಾಗ ಬೆನ್ನಿಂಗ್ಟನ್ನಿನವರಲ್ಲಿ ಹೆಚ್ಚಿನವರು ಕೆನಡಿ ಕಡೆ. ನಲವತ್ತು ದಾಟಿದ ಹೆಂಗಸರು ಇವರು. ಮೇಷ್ಟ್ರನ್ನು ಮೆಚ್ಚಿಸೋ ಅಗತ್ಯ ಯಾರಿಗಿತ್ತು?

ಹೇಗೆ ಉಳಿಯಿತು ಅನ್ನೋದಕ್ಕೆ ನ್ಯೂಕಂಬ್ ಕೊಟ್ಟ ಉತ್ತರ ಮನೆಯೊಳಗಿನದ್ದು. ಈ ಹೆಂಗಸರಲ್ಲಿ ಬಹಳ ಮಂದಿ ತಮ್ಮಂಥದೇ ವಿಚಾರದ ಗಂಡನನ್ನು ಆರಿಸಿಕೊಂಡಿದ್ದರು, ಅಂಥದೇ ಗೆಳತಿಯರನ್ನು ಮಾಡಿಕೊಂಡಿದ್ದರು. ಹೀಗೆ ಬೆನ್ನಿಂಗ್ಟನ್‌ನ ಒಂದೊಂದು ಚೂರನ್ನು ತಮ್ಮ ಬೈಠಕ್‌ಖಾನೆಗೇ ತಂದು ಇಟ್ಟುಕೊಂಡಿದ್ದರು. ಸುತ್ತಲಿನವರು ಬೇರೆಯಾದವರಲ್ಲಿ ಹಳೆಯ ನಿಲುವಿನ ಕಡೆ ಜಾರಿದವರೂ ಇದ್ದರು. ಗುರುತು ಅನ್ನೋದು ಒಂದು ಸಲ ಸಿಕ್ಕಿತು, ಇನ್ನು ಪೆಟ್ಟಿಗೆಯಲ್ಲಿ ಇಟ್ಟು ಬೀಗ ಹಾಕಿದರಾಯಿತು ಅನ್ನೋ ವಸ್ತು ಅಲ್ಲ. ಮೊಸರಿಗೆ ದಿನಾ ಹೆಪ್ಪು ಹಾಕಬೇಕಲ್ಲ, ಹಾಗೆ. ಹೆಪ್ಪು ಪಕ್ಕದ ಮನೆಯಿಂದಲಾದರೂ ತರಬೇಕು.

ಗಂಡನನ್ನು ‘ಆರಿಸಿಕೊಂಡರು’ ಅನ್ನೋ ಮಾತಿನ ಹತ್ತಿರ ನನ್ನ ಕ್ಲಾಸು ಯಾವಾಗಲೂ ಸದ್ದು ಮಾಡುತ್ತದೆ. ಒಂದು ಸಲ ಮುಂದಿನ ಬೆಂಚಿನ ಹುಡುಗಿ, ‘ಮೇಡಂ, ನಮ್ಮಲ್ಲಿ ಆರಿಸೋದು ಮನೆಯವರು. ಹಾಗಾದ್ರೆ ಡಿಗ್ರಿಯಲ್ಲಿ ಕಲಿತದ್ದು ಮದುವೆ ಆದ್ಮೇಲೆ ಉಳಿಯಲ್ವಾ?’ ಅಂದಳು. ಪಟ್ಟನೆ ಉತ್ತರ ಬರಲಿಲ್ಲ ನನಗೆ. ಗೆಳತಿಯರನ್ನಾದರೂ ಬಿಡಬೇಡ ಅಂದೆ. ಅದು ಉತ್ತರ ಅಲ್ಲ, ಗೊತ್ತು.

ಮೂರನೇ ಸುತ್ತು 1984ರಲ್ಲಿ ನಡೆಯಿತು. ರಿಪಬ್ಲಿಕನ್ ಪಕ್ಷದ ರೇಗನ್ ಮತ್ತು ಡೆಮಾಕ್ರಟಿಕ್ ಪಕ್ಷದ ಮಾಂಡೇಲ್ ನಡುವೆ ಚುನಾವಣೆ. ಆಗ ಆ ಹುಡುಗಿಯರಿಗೆ ಅರವತ್ತರ ಕೊನೆ, ಎಪ್ಪತ್ತರ ಶುರು. ಅಷ್ಟೇ ವಯಸ್ಸಿನ, ಕಾಲೇಜು ಓದಿದ ಇತರ ಅಮೆರಿಕನ್ ಹೆಂಗಸರಲ್ಲಿ ನಾಲ್ವರಲ್ಲಿ ಮೂವರು ರೇಗನ್ ಕಡೆ. ಬೆನ್ನಿಂಗ್ಟನ್ ಅಜ್ಜಿಯರಲ್ಲಿ ನಾಲ್ವರಲ್ಲಿ ಮೂವರು ಮಾಂಡೇಲ್ ಕಡೆ. ಪೂರ್ತಿ ಉಲ್ಟಾ. ಆ ವರ್ಷ ಡಿಸೆಂಬರ್ 28ಕ್ಕೆ ನ್ಯೂಕಂಬ್ ತೀರಿಕೊಂಡರು. ಜೊತೆ ಸಂಶೋಧಕರಾದ ಡ್ವೇನ್ ಆಲ್ವಿನ್ ಮತ್ತು ರೊನಾಲ್ಡ್ ಕೊಹೆನ್ ಕೆಲಸ ಮುಗಿಸಿ 1991ರಲ್ಲಿ ಪ್ರಕಟಿಸಿದಾಗ ಮೂರನೇ ಹೆಸರು ನ್ಯೂಕಂಬ್ ಅವರದ್ದೇ ಇತ್ತು.

ಜೇಬಿನಲ್ಲಿರುವ ಮನೆ

ಇವತ್ತಿನ ಮಕ್ಕಳಿಗೆ ಇದನ್ನು ಹೇಳುವಾಗ ಒಂದು ವ್ಯತ್ಯಾಸ ಹೇಳದೇ ಬಿಡೋಕೆ ಆಗಲ್ಲ. ಬೆನ್ನಿಂಗ್ಟನ್ ಹುಡುಗಿಗೆ ಮನೆ ಅಂದರೆ ಕಾಗದ, ಆಗಾಗ ಒಂದು ಫೋನು, ರಜೆ. ನಡುವೆ ವಾರಗಟ್ಟಲೆ ಖಾಲಿ. ಆ ಖಾಲಿಯಲ್ಲೇ ಅವಳು ಬೇರೆ ಏನೋ ಆಗುತ್ತಿದ್ದಳು. ನನ್ನ ವಿದ್ಯಾರ್ಥಿಗಳಿಗೆ ಮನೆ ಜೇಬಲ್ಲೇ ಇದೆ. ಫ್ಯಾಮಿಲಿ ವಾಟ್ಸಾಪ್ ಗ್ರೂಪಿನಲ್ಲಿ ಬೆಳಗ್ಗೆ ಮಾವನ ಸುಪ್ರಭಾತ, ಮಧ್ಯಾಹ್ನ ದೊಡ್ಡಪ್ಪನ ರಾಜಕೀಯ, ರಾತ್ರಿ ‘ಊಟ ಆಯ್ತಾ ಪುಟ್ಟಾ’. ಅದೇ ಫೋನಲ್ಲಿ ಕ್ಲಾಸಿನ ಗ್ರೂಪು, ಇನ್‌ಸ್ಟಾಗ್ರಾಂನಲ್ಲಿ ಮನೆಯವರಿಗೆ ಗೊತ್ತಿಲ್ಲದ ಇನ್ನೊಂದು ಖಾತೆ. ಒಬ್ಬ ಹುಡುಗ ತನ್ನ ಸ್ಟೇಟಸ್ ಯಾರು ಯಾರು ನೋಡಬಹುದು ಅಂತ ಗುರುತು ಹಾಕೋದನ್ನು ನನಗೆ ತೋರಿಸಿದ. ಅಪ್ಪ ಬೇಡ, ಅತ್ತೆ ಬೇಡ, ಅಣ್ಣ ಪರವಾಗಿಲ್ಲ, ಊರಿನ ಗೆಳೆಯರಲ್ಲಿ ಇಬ್ಬರು ಮಾತ್ರ. ಬೆರಳು ಸರಸರ ಓಡುತ್ತಿತ್ತು. ನ್ಯೂಕಂಬ್ ವರ್ಷಗಟ್ಟಲೆ ಹಾಳೆ ಹಂಚಿ ಹುಡುಕಿದ ಪಟ್ಟಿಯನ್ನು ಇವನು ಅರ್ಧ ನಿಮಿಷದಲ್ಲಿ ಮಾಡಿ ಮುಗಿಸಿದ.

ಪಾಠದ ಕೊನೆಗೆ ನಾನು ಹೆಸರು ಬರೆಯದ ಚೀಟಿ ಕೇಳುತ್ತೇನೆ. ಈ ಹುಡುಗಿಯರಲ್ಲಿ ಯಾರ ಮಾತು ನಿಮ್ಮದು ಅನ್ನಿಸಿತು, ಒಂದು ಸಾಲು ಸಾಕು. ಹೆಚ್ಚಿನವರು ಮೂರನೆಯವಳ ಹೆಸರು ಹೇಳುತ್ತಾರೆ. ತೋರಿಕೆಗೆ ಶುರುಮಾಡಿ ನಿಜವಾಗಿ ನಂಬಿದವಳು. ಅದು ಮರ್ಯಾದೆಯ ಉತ್ತರ ಅಂತ ಅವರಿಗೂ ಗೊತ್ತು, ಮೇಡಂಗೆ ಇಷ್ಟ ಆಗುತ್ತೆ ಅಂತಲೂ ಗೊತ್ತು. ನಾನೇ ಎರಡು ಸಲ ಓದಿರುತ್ತೇನಲ್ಲ.

ಹೋದ ವರ್ಷ ಒಂದು ಚೀಟಿ ಬಂತು. ನೋಟ್‌ಬುಕ್ಕಿನಿಂದ ಹರಿದ ಕಾಲು ಹಾಳೆ, ನಾಲ್ಕು ಮಡಿಕೆ. ಪೆನ್ಸಿಲ್‌ನಲ್ಲಿ ಬರೆದಿತ್ತು: ‘ಮೇಡಂ, ಗೋಡೆ ಕಟ್ಟಿಕೊಂಡವಳ ಬಗ್ಗೆ ನಾಳೆ ಇನ್ನೊಂದು ಸಲ ಹೇಳಿ.’